ಹಾರದ ವಿಮಾನಕ್ಕೆ ನಾನು ಕಟ್ಟಿದ ರೆಕ್ಕೆ

ಕಳೆದ ಶನಿವಾರ ಮ್ಯೂನಿಕ್‌ನ ಒಂದು ಬಾಡಿಗೆ ಹಾಲ್‌ನಲ್ಲಿ, ಮೈಕ್ ಹಿಡಿದುಕೊಂಡು, ನಾನೊಂದು ವಿಮಾನ ಹಾರಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತೊಂದರೆ ಏನೆಂದರೆ, ಅಂಥ ವಿಮಾನವೇ ಇರಲಿಲ್ಲ.

ರೈಲು ಬಿಡುವವರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆವತ್ತಿನಿಂದ ನನಗೆ ಊಟ ಸರಿಯಾಗಿ ಸೇರುತ್ತಿಲ್ಲ. ನಾಚಿಕೆಯಿಂದ ಮುಖ ಇನ್ನೂ ಬಿಸಿಯಾಗಿಯೇ ಇದೆ.

ನಿಮಗೆ ಗೊತ್ತಲ್ಲ, ಇಲ್ಲಿನ ಕನ್ನಡ ಬಳಗಕ್ಕೆ ನಾನು ಖಾಯಂ ನಿರೂಪಕಿ. (ಖಾಯಂ ಅಂದರೆ ಬೇರೆ ಯಾರೂ ಒಪ್ಪಿಕೊಳ್ಳುವುದಿಲ್ಲ ಅಂತ ಅರ್ಥ.) ವಾರವಿಡೀ ಆಫೀಸಿನ ಮೀಟಿಂಗ್‌ಗಳಲ್ಲಿ ಮ್ಯೂಟ್ ಆಗಿ ಕೂರುವವಳಿಗೆ ಮೈಕ್ ಕೈಗೆ ಸಿಕ್ಕರೆ ಕೇಳಬೇಕೆ? ಬಾಯಿಗೆ ಬ್ರೇಕ್ ಇರುವುದಿಲ್ಲ.

ರಾಜ್ಯೋತ್ಸವ ಅಂದಮೇಲೆ ಸನ್ಮಾನ ಇರಲೇಬೇಕು. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ಪೇಟ ಮೈಸೂರಿನಿಂದ ಯಾರದೋ ಸೂಟ್‌ಕೇಸಿನಲ್ಲಿ ಚಟ್ನಿಪುಡಿಯ ಪಕ್ಕ ಕೂತು ಬರುತ್ತದೆ. ಈ ಸಲದ ಪೇಟ ವಾಮನ ಕಾಕಾ ಅವರ ತಲೆಗೆ ಅಂತ ಕಮಿಟಿ ತೀರ್ಮಾನಿಸಿತು. ಕಾಕಾ ಧಾರವಾಡದವರು. ಜರ್ಮನಿಗೆ ಬಂದು ದಶಕಗಳೇ ಆದವು. ವಿಮಾನದ ಇಂಜಿನಿಯರ್ ಆಗಿದ್ದು ರಿಟೈರ್ ಆದವರು. ಅವರನ್ನು ಪರಿಚಯಿಸುವ ಭಾಷಣ ಎಂದಿನಂತೆ ನನ್ನ ಪಾಲಿಗೆ ಬಂತು.

ಮಾಹಿತಿ ಕೇಳಿಕೊಂಡು ಬರೋಣ ಅಂತ ಅವರ ಮನೆಗೆ ಹೋದೆ. ಅವರ ಹೆಂಡತಿ ಕುಸುಮಕ್ಕ ಅವಲಕ್ಕಿ, ಚಹಾ ಕೊಟ್ಟರು. ಏನು ಕೆಲಸ ಮಾಡಿದಿರಿ ಕಾಕಾ ಅಂದೆ. ಅಷ್ಟು ಕೇಳಿದ್ದೇ ತಡ, ಮನುಷ್ಯನಿಗೆ ಮೂವತ್ತು ವರ್ಷ ಕಡಿಮೆಯಾಯಿತು.

ಯೂರೋಪಿನ ಕೆಲವು ದೇಶಗಳು ಸೇರಿ ಒಂದು ಸೂಪರ್‌ಸಾನಿಕ್ ಪ್ರಯಾಣಿಕರ ವಿಮಾನಕ್ಕೆ ಕೈ ಹಾಕಿದ್ದವಂತೆ. ಶಬ್ದಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾರಬೇಕಾದದ್ದು. ಕಾಕಾ ತಮ್ಮ ವಯಸ್ಸಿನ ಒಳ್ಳೆಯ ವರ್ಷಗಳನ್ನೆಲ್ಲ ಕೊಟ್ಟದ್ದು ಅದಕ್ಕೇ. ಅಷ್ಟು ವೇಗದಲ್ಲಿ ಹೋಗುವಾಗ ವಿಮಾನದ ಮೈ ಕಾದು ಉದ್ದವಾಗುತ್ತದಂತೆ. ಇಳಿದು ತಣ್ಣಗಾದರೆ ಮತ್ತೆ ಮೊದಲಿನಷ್ಟೇ. ಹೊರಗಿನ ಮೈ ಹಾಗೆ ಹಿಗ್ಗುತ್ತಿದ್ದರೂ ಒಳಗೆ ಕೂತವನ ಕಾಫಿ ಕಪ್ ಅಲುಗಬಾರದು. ಅದಕ್ಕಾಗಿ ಮೈಗೂ ಒಳಗಿನ ನೆಲಕ್ಕೂ ನಡುವೆ ಒಂದು ಸರಿದಾಡುವ ಜೋಡಣೆ ಬೇಕು. ಆ ಜೋಡಣೆಯೇ ಕಾಕಾ ಅವರ ಕೆಲಸ.

ಒಳಗೆ ಹೋಗಿ ಅದರ ಒಂದು ಮಾದರಿಯನ್ನು ತಂದು ನನ್ನ ಕೈಗಿಟ್ಟರು. ಅಂಗೈ ಅಗಲದ ಲೋಹದ ತುಂಡು. ಎಳೆದರೆ ಬೆಣ್ಣೆಯ ಹಾಗೆ ಸರಿಯಿತು, ಬಿಟ್ಟರೆ ತನ್ನ ಜಾಗಕ್ಕೆ ಬಂದು ಕೂತಿತು. ಸೂಪರ್ ಕಾಕಾ ಅಂದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಬೇರೆ. ಇದನ್ನು ಕೇಳಿ ಚಪ್ಪಾಳೆ ಬೀಳುತ್ತದಾ?

ಆಮೇಲೆ ವಿಮಾನ ಏನಾಯಿತು ಅಂತ ಕೇಳಿದೆ.

ನಿಂತುಹೋಯಿತಂತೆ. ಊರುಗಳ ಮೇಲೆ ಹಾರಿದರೆ ಕಿವಿ ಒಡೆಯುವ ಸದ್ದು, ಇಂಧನ ಸಿಕ್ಕಾಪಟ್ಟೆ, ಒಂದೊಂದೇ ದೇಶ ಹಿಂದೆ ಸರಿಯಿತು. ಒಂದು ಸೋಮವಾರ ಬೆಳಗ್ಗೆ ಎಲ್ಲರನ್ನೂ ಕ್ಯಾಂಟೀನಿಗೆ ಕರೆದು, ನಿಮ್ಮ ಕೆಲಸ ಚೆನ್ನಾಗಿತ್ತು, ಆದರೆ ಪ್ರಾಜೆಕ್ಟ್ ಕ್ಯಾನ್ಸಲ್ ಅಂದರಂತೆ. ಒಂದು ವಿಮಾನವೂ ಪೂರ್ತಿಯಾಗಿರಲಿಲ್ಲ. ಕಾಕಾ ಇದನ್ನು ಚಹಾ ಹೀರುತ್ತಾ, ನಿನ್ನೆಯ ಹವಾಮಾನ ಹೇಳಿದ ಹಾಗೆ ಹೇಳಿದರು. ಹೈಡೆಲ್‌ಬರ್ಗ್‌ಗೆ ಹೋಗುವ ದಾರಿಯಲ್ಲಿ ಒಂದು ಮ್ಯೂಸಿಯಂ ಛಾವಣಿಯ ಮೇಲೆ ಎರಡು ಸೂಪರ್‌ಸಾನಿಕ್ ವಿಮಾನಗಳನ್ನು ನಿಲ್ಲಿಸಿದ್ದಾರಲ್ಲ (ಊರಿಂದ ಬಂದ ನೆಂಟರನ್ನೆಲ್ಲ ನಾವು ಕರೆದೊಯ್ದು ಫೋಟೋ ತೆಗೆಸುವುದು ಅಲ್ಲೇ), ಅದನ್ನು ನೆನಪಿಸಿಕೊಂಡು ನಕ್ಕರು. ಅವು ಛಾವಣಿಗಾದರೂ ಏರಿದವು, ನಮ್ಮದು ಅಷ್ಟೂ ಏರಲಿಲ್ಲ ಅಂತ.

ನನಗೆ ನಗು ಬರಲಿಲ್ಲ. ಗಾಬರಿಯಾಯಿತು. ಸನ್ಮಾನ ಅಂದರೆ ಸಾಧನೆ ಬೇಡವೇ? ಮೊದಲ ಕನ್ನಡಿಗ, ಅತಿ ದೊಡ್ಡ, ಅತಿ ಎತ್ತರದ... ಏನಾದರೊಂದು? ಎಸ್-ಬಾನ್ ರೈಲಿನಲ್ಲಿ ಕೂತು ಕಾರ್ಯದರ್ಶಿ ಹರೀಶನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, ಹಾರದ ವಿಮಾನಕ್ಕೆ ಹಾರ ಹಾಕೋದಾ ಮೇಡಂ, ಅಂದ. ನಾನು ಕಿಸಕ್ಕನೆ ನಕ್ಕೆ. ಎದುರಿಗೆ ಕೂತಿದ್ದ ಜರ್ಮನ್ ಅಜ್ಜಿ ಕಣ್ಣು ಬಿಟ್ಟು ನೋಡುವಷ್ಟು. ಏನಾದರೂ ಅಡ್ಜಸ್ಟ್ ಮಾಡಿ ಅಂದ. ಅಡ್ಜಸ್ಟ್ ಮಾಡುವುದರಲ್ಲಿ ನಾನು ಎತ್ತಿದ ಕೈ.

ಅಂತೂ ಶನಿವಾರ ಬಂತು. ಕಾಕಾ ಇಸ್ತ್ರಿ ಹೊಡೆದ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಶುರು ಹಚ್ಚಿಕೊಂಡೆ. "ಬೆಂಗಳೂರಿನಿಂದ ನಿಮ್ಮನ್ನೆಲ್ಲ ಹೊತ್ತು ತಂದಿತಲ್ಲ, ಆ ವಿಮಾನದ ರೆಕ್ಕೆಯಲ್ಲಿ ಒಬ್ಬ ಧಾರವಾಡದ ಕನ್ನಡಿಗನ ಬೆವರಿದೆ! ಆ ರೆಕ್ಕೆ ಕಟ್ಟಿದ ಕೈ ಇದು!"

ಹಾಲ್ ಎದ್ದು ನಿಂತಿತು. ಯಾರೋ ಶಿಳ್ಳೆ ಹಾಕಿದರು. ಸೂಪರ್‌ಸಾನಿಕ್ ಅನ್ನುವ ಪದವನ್ನೇ ನಾನು ಎತ್ತಲಿಲ್ಲ. ಪೇಟ ತೊಡಿಸಿದರು, ಅದು ಸ್ವಲ್ಪ ದೊಡ್ಡದಾಗಿ ಕಾಕಾ ಅವರ ಹುಬ್ಬಿನವರೆಗೂ ಇಳಿಯಿತು. ಮಾತಾಡಲು ಅವರಿಗೂ ಸಮಯ ಇಟ್ಟಿದ್ದೆವು. ಮೈಕ್ ಮುಂದೆ ನಿಂತರು. ಬಲಗೈ ಕೋಟಿನ ಜೇಬಿಗೆ ಹೋಯಿತು. ಅಲ್ಲೇ ಉಳಿಯಿತು. ಎಲ್ಲರಿಗೂ ಧನ್ಯವಾದ ಅಂದವರೇ ಹೋಗಿ ಕೂತುಬಿಟ್ಟರು.

ವಿನಯ ಅಂದರೆ ಇದು, ಅಂತ ನಾನು ಮೈಕಿನಲ್ಲಿ ಹೇಳಿದೆ! ನೆನೆಸಿಕೊಂಡರೆ ಈಗಲೂ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಊಟದ ಸಾಲಿನಲ್ಲಿ ಎರ್ಲಾಂಗೆನ್‌ನಿಂದ ಬಂದಿದ್ದ ಒಬ್ಬ ಹುಡುಗ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಕಾಕಾ ಅವರನ್ನು ಹಿಡಿದ. ಶುಕ್ರವಾರ ಊರಿಗೆ ಹೊರಟಿದ್ದಾನಂತೆ. ಸರ್, ರೆಕ್ಕೆಯಲ್ಲಿ ನಿಮ್ಮದು ಯಾವ ಭಾಗ ಹೇಳಿ, ವಿಂಡೋ ಸೀಟಿಂದ ಫೋಟೋ ತೆಗೆದು ಕಳಿಸ್ತೀನಿ, ಅಂದ. ಪಾಪ, ಎಷ್ಟು ಪ್ರೀತಿಯಿಂದ ಕೇಳಿದ! ಕಾಕಾ, ಬಡಿಸುತ್ತಾ ನಿಂತಿದ್ದ ನನ್ನ ಕಡೆ ಕೈ ತೋರಿಸಿದರು. "ಅಕಿನ್ನ ಕೇಳಪಾ. ನನಗಿಂತಾ ಅಕಿಗೇ ಹೆಚ್ಚಿಗಿ ಗೊತ್ತದ."

ನನ್ನ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಬಿತ್ತು. ಹುಡುಗ ನನ್ನನ್ನೇ ನೋಡುತ್ತಿದ್ದ. ನಾನು ಹಪ್ಪಳ ಬಡಿಸಿದೆ.

ಎಂಟು ಗಂಟೆಯೊಳಗೆ ಹಾಲ್ ಖಾಲಿ ಮಾಡಿ ಕುರ್ಚಿ ಪೇರಿಸದಿದ್ದರೆ ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಕುರ್ಚಿ ಪೇರಿಸುವ ನೆಪದಲ್ಲಿ ಕಾಕಾ ಅವರ ಹತ್ತಿರ ಹೋದೆ. ತಪ್ಪಾಯಿತು ಅನ್ನುವ ಬದಲು ವಾದ ಮಾಡಿದೆ. ನಿಮ್ಮ ಮರ್ಯಾದೆಗೋಸ್ಕರ ಮಾಡಿದ್ದು ಕಾಕಾ, ಪ್ರಾಜೆಕ್ಟ್ ಕ್ಯಾನ್ಸಲ್ ಆಯಿತು ಅಂತ ಪೇಟ ಹಾಕುವಾಗ ಹೇಗೆ ಹೇಳೋದು, ನೀವೇ ಹೇಳಿ ಅಂತ. ಅವರು ಬಯ್ಯಲಿಲ್ಲ. ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು.

"ನೋಡ್ ತಂಗಿ," ಅಂದರು. "ಅದು ಹಾರಲಿಲ್ಲ ಅಂತ ಹೇಳ್ಲಿಕ್ಕೆ ನನಗೇನೂ ನಾಚಿಕಿ ಇರಲಿಲ್ಲ. ನಿನಗಿತ್ತು."

ಅಷ್ಟೇ. ಕುಸುಮಕ್ಕ ಕೋಟು ತೊಟ್ಟುಕೊಳ್ಳುತ್ತಾ ನನಗೆ ಮೆಲ್ಲಗೆ ಹೇಳಿದರು. ಬೆಳಗ್ಗೆಯಿಂದ ಕಾಕಾ ಆ ಲೋಹದ ತುಂಡನ್ನು ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಹೊಳೆಯಿಸಿದ್ದರಂತೆ. ಮಕ್ಕಳ ಕೈಗೆ ಕೊಟ್ಟು ಎಳೆಸಬೇಕು ಅಂತ ಜೇಬಿಗೆ ಹಾಕಿಕೊಂಡು ಬಂದಿದ್ದರಂತೆ.

ನಾನು ಏನು ಮಾಡಿದೆ ಅಂತ ಆಗ ಅರ್ಥವಾಯಿತು. ಅವರ ಅಷ್ಟು ವರ್ಷಗಳ ಕೆಲಸವನ್ನು ಸೋಮವಾರ ಕ್ಯಾಂಟೀನಿನಲ್ಲಿ ಒಮ್ಮೆ ಕ್ಯಾನ್ಸಲ್ ಮಾಡಿದ್ದರು. ಶನಿವಾರ ನಾನು ಶಾಲು ಹೊದಿಸಿ ಇನ್ನೊಮ್ಮೆ ಮಾಡಿದೆ. ಆ ಕಂಪನಿಯವರಾದರೂ ಕೆಲಸ ಚೆನ್ನಾಗಿತ್ತು ಅಂತ ಒಪ್ಪಿಕೊಂಡೇ ನಿಲ್ಲಿಸಿದ್ದರು. ನಾನು ಆ ಕೆಲಸ ಇತ್ತೆನ್ನುವುದನ್ನೇ ಅಳಿಸಿದೆ.

ಇದು ನನ್ನೊಬ್ಬಳ ಕಾಯಿಲೆಯಾ? ಮಗು ವರ್ಷವಿಡೀ ಪಿಟೀಲು ಕಲಿತರೆ, ಪ್ರೈಜ್ ಬಂತಾ ಅಂತ ಕೇಳುತ್ತೇವೆ. ನನ್ನ ಆಫೀಸಿನಲ್ಲಿ ಅರ್ಧಕ್ಕರ್ಧ ಪ್ರಾಜೆಕ್ಟುಗಳು ಯಾರ ಕಂಪ್ಯೂಟರಿಗೂ ತಲುಪದೆ ಸಾಯುತ್ತವೆ. ಅವಕ್ಕಾಗಿ ನಾನೂ ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡು ಕೂತಿದ್ದೇನೆ. ಆದರೆ ಬಯೋಡೇಟಾದಲ್ಲಿ ಎಲ್ಲವೂ ಸಕ್ಸಸ್. ಅಂದರೆ ನನ್ನ ವಿಮಾನಗಳಿಗೂ ನಾನು ಹೀಗೇ ರೆಕ್ಕೆ ಕಟ್ಟುತ್ತಾ ಬಂದಿದ್ದೇನೆ. ನನ್ನ ಸುಳ್ಳು ನನ್ನ ಪಾಡು ಅನ್ನಿ. ಅವರ ನಿಜವನ್ನು ಮುಚ್ಚಿಡಲು ನನಗೆ ಅಧಿಕಾರ ಕೊಟ್ಟವರು ಯಾರು?

ಭಾಷಣದ ವಿಡಿಯೋ ಅಷ್ಟರಲ್ಲಿ ಬಳಗದ ವಾಟ್ಸಾಪ್ ದಾಟಿ ಧಾರವಾಡ ಮುಟ್ಟಿತ್ತು. ಕಾಕಾ ಅವರ ಹಳೆಯ ಗೆಳೆಯರು ಫೋನ್ ಮಾಡಿ, ರೆಕ್ಕೆ ಯಾವಾಗ ಮಾಡಿದ್ಯೋ ಅಂತ ಕೇಳುತ್ತಿದ್ದಾರಂತೆ. ಒಬ್ಬೊಬ್ಬರಿಗೂ ಇಲ್ಲ, ಇಲ್ಲ ಅಂತ ಹೇಳುವ ಕೆಲಸ ಈ ವಯಸ್ಸಿನಲ್ಲಿ ಅವರಿಗೆ ಅಂಟಿಸಿದವಳು ನಾನು.

ಕೊನೆಗೆ ಬುಧವಾರ ಗ್ರೂಪಿನಲ್ಲಿ ಬರೆದೆ. ನಾನು ಹೇಳಿದ್ದು ಸುಳ್ಳು, ಕಾಕಾ ಕೆಲಸ ಮಾಡಿದ ವಿಮಾನ ಹಾರಲೇ ಇಲ್ಲ ಅಂತ. ಮೊದಲು ಬಂದ ಉತ್ತರ ಏನು ಗೊತ್ತಾ? "ಅಯ್ಯೋ ಪಾಪ". ಹಿಂದೆಯೇ ಕೈ ಮುಗಿಯುವ ಎಮೋಜಿಗಳು. ಪಾಪ ಯಾಕ್ರೀ? ನಾನು ಇನ್ನೂ ಏನೋ ತಪ್ಪಾಗಿ ಹೇಳಿದ್ದೇನೆ ಅಂತ ಅನ್ನಿಸಿತು. ಹಾರಲಿಲ್ಲ ಅನ್ನುವುದನ್ನು ಬರೆದಿದ್ದೆ. ಕಾದ ಮೈ ಹಿಗ್ಗುವುದು, ಕಾಫಿ ಕಪ್ ಅಲುಗದಿರುವುದು, ಬೆಣ್ಣೆಯ ಹಾಗೆ ಸರಿಯುವ ಆ ಜೋಡಣೆ, ಇದ್ಯಾವುದನ್ನೂ ಬರೆದಿರಲಿಲ್ಲ.

ಅದಕ್ಕೇ ಈ ವಾರದ ಅಂಕಣದ ಜಾಗವನ್ನೆಲ್ಲ ಅದಕ್ಕೆ ಕೊಟ್ಟೆ. ಹರೀಶನಿಗೂ ಹೇಳಿದ್ದೇನೆ, ಮುಂದಿನ ಸಲ ಮಕ್ಕಳೆಲ್ಲ ಸೇರುವ ದಿನ ಮೈಕ್ ಕಾಕಾ ಅವರ ಕೈಯಲ್ಲಿ, ನಾನು ಕುರ್ಚಿ ಹಾಕುತ್ತೇನೆ ಅಂತ. ಕಾಕಾ ಅವರಿಗೆ ಫೋನ್ ಮಾಡಲು ಮಾತ್ರ ಇನ್ನೂ ಮುಖವಿಲ್ಲ. ಅವರು ಈ ಅಂಕಣ ಓದುತ್ತಾರೆ. ಹಾಗಾಗಿ ಇಲ್ಲೇ ಕೇಳಿಬಿಡುತ್ತೇನೆ.

ಕಾಕಾ, ಅದು ಇನ್ನೂ ನಿಮ್ಮ ಕೋಟಿನ ಜೇಬಿನಲ್ಲೇ ಇದೆಯಾ?