ಹೊಸ ಮನೆಗೆ ಹಾದಿಯ ಮಣ್ಣು

ಯಲ್ಲಾಪುರದ ಅಂಚಿನಲ್ಲಿ ನಾವು ಕಟ್ಟಿಸುತ್ತಿದ್ದ ಮನೆಗೆ ಪ್ಲಾಸ್ಟರ್ ಮುಗಿದ ವಾರವೇ ನನ್ನ ಗಂಡ ಪೇಂಟ್ ಅಂಗಡಿಯಿಂದ ಬಣ್ಣದ ಕಾರ್ಡು ತಂದರು. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಕಾರ್ಡು. ಅವರಿಗೆ ಮಿಂಚುವ ತಿಳಿಹಸಿರು ಬೇಕಿತ್ತು, ಮೈದುನನ ಮನೆಯಲ್ಲಿ ಇರುವಂಥದ್ದು. ನನಗೆ ಅದು ಬೇಡವಾಗಿತ್ತು. ಏನು ಬೇಕು ಎಂದು ಕೇಳಿದರೆ ಹೇಳಲು ಗೊತ್ತಿರಲಿಲ್ಲ. ನಾನು ಬಟ್ಟೆ ಹೊಲಿಯುವವಳು; ಬಣ್ಣವನ್ನು ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಒಯ್ದು ನೋಡದೆ ನನಗೆ ಏನೂ ತೋಚುವುದಿಲ್ಲ.

ಇನ್ನೊಂದು ತೊಡಕೂ ಇತ್ತು. ನಮ್ಮ ಜೊತೆಗಿರುವ ಅತ್ತೆಗೆ ದಮ್ಮಿನ ಕಾಯಿಲೆ. ಮೈದುನನ ಹೊಸ ಮನೆಯ ಊಟಕ್ಕೆ ಹೋದಾಗ ಪೇಂಟಿನ ವಾಸನೆಗೆ ಅವರಿಗೆ ಎಷ್ಟು ಕೆಮ್ಮು ಬಂತೆಂದರೆ, ಬಿರಿಯಾನಿಯ ತಟ್ಟೆಯನ್ನು ಅಂಗಳಕ್ಕೆ ತಂದು ಗಾಡಿಯ ನೆರಳಲ್ಲಿ ಕೂತು ತಿಂದರು. “ನಿಮ್ಮ ಮನೆ ಆದಮೇಲೆ ನಾನು ಹಳೇ ಬಾಡಿಗೆ ಮನೆಯಲ್ಲೇ ಇರ್ತೇನೆ ಬೇಟಿ” ಎಂದು ನಗುತ್ತಲೇ ಹೇಳಿದ್ದರು. ನಮ್ಮ ಮನೆಯೊಳಗಿನ ಮಾತು ಉರ್ದು. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪಾಯ ತೋಡಿದ ಮಣ್ಣು ಮನೆಯ ಮುಂದೆ ಇನ್ನೂ ಗುಡ್ಡೆಯಾಗಿ ಬಿದ್ದಿತ್ತು. ಒಂದು ಅಕಾಲದ ಮಳೆ ಬಂದು, ಅದರ ಬುಡದಲ್ಲಿ ಸಣ್ಣ ಹೊಂಡ ನಿಂತು, ಒಣಗಿತು. ಕಸ ಗುಡಿಸಲು ಹೋದಾಗ ನೋಡುತ್ತೇನೆ, ಹೊಂಡದ ತಳದಲ್ಲಿ ತೆಳ್ಳಗಿನ ಪದರವೊಂದು ಹಪ್ಪಳದ ಹಾಗೆ ಸುರುಳಿ ಎದ್ದಿದೆ. ಬೆರಳಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಇದನ್ನೇ ಗೋಡೆಗೆ ಹಚ್ಚಿದರೆ ಹೇಗೆ ಕಂಡೀತು?

ಕೇಳಿಕೊಂಡ ಮೇಲೆ ಸುಮ್ಮನಿರಲು ಆಗಲಿಲ್ಲ. ಬಕೆಟ್ಟಿನಲ್ಲಿ ಮಣ್ಣು ಕದಡಿ, ಹಳೆಯ ವಾಯಿಲ್ ಓಢಣಿಯಲ್ಲಿ ಸೋಸಿ, ರಾತ್ರಿಯಿಡೀ ಬಿಟ್ಟೆ. ಮರುದಿನ ಮೇಲಿನ ನೀರು ಚೆಲ್ಲಿ, ತಳದ ಗಟ್ಟಿಯನ್ನು ಬ್ರಷ್ಷಿನಿಂದ ಹೊಸ ಮನೆಯ ಹಿಂದಿನ ಗೋಡೆಗೆ ಬಳಿದೆ. ಒದ್ದೆ ಇದ್ದಾಗ ಸುಟ್ಟ ಇಟ್ಟಿಗೆಯ ಬಣ್ಣ. ಒಣಗಿದಂತೆ ತಿಳಿಯಾಗುತ್ತ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹಾಲು ಹೆಚ್ಚಾದ ಚಹಾದಂತೆ ಆಯಿತು. ಮೂಗು ಹತ್ತಿರ ಒಯ್ದೆ. ಮೊದಲ ಮಳೆಯ ಸಣ್ಣ ವಾಸನೆ, ಅಷ್ಟೇ.

ಸಂಜೆ ಗಂಡ ಬಂದರು. ಅವರದು ಸರಕಿನ ಟೆಂಪೊ. ಯಲ್ಲಾಪುರ, ಶಿರಸಿ, ಸಿದ್ದಾಪುರ ಎಂದು ದಿನವೂ ಓಡಾಟ. ಗೋಡೆ ನೋಡಿ ನಿಂತರು.

“ಜನ ಗೋಡೆಗೆ ಮಣ್ಣು ತಾಗಿದ್ರೆ ಪೇಂಟ್ ಹೊಡೆಸ್ತಾರೆ. ನೀನು ಹೊಸ ಗೋಡೆಗೆ ಮಣ್ಣು ಹೊಡೀತಿದ್ದೀಯಲ್ಲ!”

“ಚೆಂದ ಇಲ್ವಾ?”

ಅವರು ಅಂಗೈಯಿಂದ ಗೋಡೆಯನ್ನು ಒಮ್ಮೆ ಸವರಿ ಒಳಗೆ ಹೋದರು. ಎರಡು ದಿನ ಬಿಟ್ಟು ಸಿದ್ದಾಪುರದಿಂದ ಬರುವಾಗ ಸಿಮೆಂಟಿನ ಖಾಲಿ ಚೀಲವೊಂದರಲ್ಲಿ ಮಣ್ಣು ತುಂಬಿ ತಂದರು. ಕೋಲಸಿರ್ಸಿಯ ಹತ್ತಿರ ರಸ್ತೆ ಅಗಲ ಮಾಡುತ್ತಿದ್ದರಂತೆ, ದಿಬ್ಬ ಕಡಿದ ಜಾಗದಲ್ಲಿ ಕಂಡಿತಂತೆ. ಸೋಸಿ ಬಳಿದರೆ ಅದು ಗುಲಾಬಿ! ಪೇಟೆಯ ಗುಲಾಬಿಯಲ್ಲ, ಬಹಳ ಸಲ ಒಗೆದು ಮೆತ್ತಗಾದ ಸೀರೆಯದ್ದು.

ಅಲ್ಲಿಂದ ಹುಚ್ಚು ನನಗಿಂತ ಅವರಿಗೇ ಹೆಚ್ಚಾಯಿತು. “ಇಷ್ಟು ವರ್ಷ ಈ ರಸ್ತೆಯಲ್ಲಿ ಗಾಡಿ ಹೊಡೆದಿದ್ದೇನೆ, ಬರೀ ಹೊಂಡ ನೋಡಿದೆ. ಪಕ್ಕದ ದಿಬ್ಬ ನೋಡಲೇ ಇಲ್ಲ” ಎನ್ನುತ್ತಿದ್ದರು. ಹೋದಲ್ಲೆಲ್ಲ ಜಾಗದವರನ್ನು ಕೇಳಿ ಒಂದು ಬುಟ್ಟಿ ಮಣ್ಣು ತರುವುದು, ಅದು ಒಣಗಿ ಏನಾಗುತ್ತದೋ ಎಂದು ಹತ್ತಿರದಲ್ಲೇ ಇದ್ದ ಬಾಡಿಗೆ ಮನೆಯಿಂದ ಊಟದ ನಡುವೆ ಎದ್ದು ಹೋಗಿ ನೋಡುವುದು. ಹಿಂದಿನ ಗೋಡೆ ತುಂಬ ಅಂಗೈ ಅಗಲದ ಬಣ್ಣದ ತೇಪೆಗಳಾದವು.

ಒಂದು ಮಧ್ಯಾಹ್ನ ನಾನು ಹೊಸ ಮನೆಯಲ್ಲಿದ್ದಾಗ ಅವರ ಫೋನು ಬಂತು. ದನಿಯಲ್ಲಿ ಗಾಬರಿ. “ಗುಡ್ನಾಪುರದಲ್ಲಿದ್ದೇನೆ. ಇವರಿಗೆ ನೀನೇ ಸ್ವಲ್ಪ ಹೇಳು.”

ಆದದ್ದು ಇಷ್ಟು. ಬನವಾಸಿಯಲ್ಲಿ ಸರಕು ಇಳಿಸಿ, ಕೆರೆಯ ಕಡೆಯ ಬಿಳಿ ಮಣ್ಣು ಸಿಗಬಹುದೆಂದು ಗುಡ್ನಾಪುರಕ್ಕೆ ಹೋಗಿದ್ದಾರೆ. ಕೇಳೋಣವೆಂದರೆ ಯಾರೂ ಕಾಣದೆ, ಗದ್ದೆಯ ಅಂಚಿನಲ್ಲಿ ಗುದ್ದಲಿ ಹಿಡಿದು ಕಾಯುತ್ತ ನಿಂತಿದ್ದಾರೆ. ಕದಂಬರ ಕಾಲದ ಕಲ್ಲುಗಳಿರುವ ಊರು. ಗುದ್ದಲಿ ಹಿಡಿದ ಹೊರಗಿನವನನ್ನು ಕಂಡು ನಿಧಿ ಅಗೆಯಲು ಬಂದವನೆಂದೇ ಜನ ಸೇರಿದ್ದಾರೆ.

ವಯಸ್ಸಾದವರೊಬ್ಬರ ದನಿ ಫೋನಿನಲ್ಲಿ ಬಂತು. “ಯವ್ವಾ, ನಿಮ್ಮ ಮನಿಯವರು ಗ್ವಾಡಿಗೆ ಮಣ್ಣು ಅಂತಾರ. ಗ್ವಾಡಿ ಕಟ್ಟಾಕ ನಿಮ್ಮೂರಾಗ ಮಣ್ಣಿಲ್ಲೇನು?”

“ಕಟ್ಟೋಕಲ್ಲ ಅಜ್ಜಾರೆ, ಬಣ್ಣ ಹಚ್ಚೋಕೆ.”

“ಮಣ್ಣಿನ ಬಣ್ಣಾನ?” ಎಂದು ಯಾರೋ ನಕ್ಕರು. ಇನ್ಯಾರೋ “ಸುಳ್ಳು ಹೇಳ್ತಾರ, ಬಿಡಬ್ಯಾಡ್ರಿ” ಎಂದರು. ಬಾಯಿಮಾತಿಗೆ ನಂಬುವುದಿಲ್ಲ ಎನಿಸಿ ಫೋನು ಇಟ್ಟು ವಿಡಿಯೊ ಕಾಲ್ ಮಾಡಿದೆ. ಹಿಂದಿನ ಗೋಡೆಯ ಮುಂದೆ ನಿಂತು ಒಂದೊಂದೇ ತೇಪೆ ತೋರಿಸುತ್ತ ಹೋದೆ. ಇದು ನಮ್ಮ ಅಂಗಳದ್ದು, ಇದು ಶಿರಸಿ ದಾರಿಯದ್ದು, ಇದು ಸಿದ್ದಾಪುರದ ಕಡೆಯದ್ದು.

ಆ ಕಡೆ ಗದ್ದಲ ಕಡಿಮೆಯಾಯಿತು. ಪರದೆಯಲ್ಲಿ ತಲೆಗಳು ಒತ್ತೊತ್ತಾಗಿ ಸೇರಿದವು. ಹೆಂಗಸೊಬ್ಬರು ಎಲ್ಲರನ್ನೂ ಸರಿಸಿ ಮುಂದೆ ಬಂದರು.

“ಅಕ್ಕಾರ, ಆ ಗುಲಾಬಿ ಇನ್ನೊಮ್ಮೆ ತೋರಸ್ರಿ. ಕೈಗೆ ಹತ್ತೂದಿಲ್ಲೇನ್ರಿ ಅದು?”

“ಹತ್ತುತ್ತದೆ. ಅದಕ್ಕೇ ಏನು ಮಾಡೋದು ಅಂತ ಇನ್ನೂ ಗೊತ್ತಾಗಿಲ್ಲ” ಎಂದೆ.

ಆಕೆ ನಕ್ಕರು. ನಿಜ ಹೇಳಿದ್ದಕ್ಕೋ ಏನೋ, ಅಜ್ಜನಿಗೂ ನಂಬಿಕೆ ಬಂತು. ಕಲ್ಲುಗಳಿರುವ ಕಡೆಗೆ ಕಾಲಿಡಬಾರದೆಂದು ಎಚ್ಚರಿಸಿ, ತಮ್ಮದೇ ಗದ್ದೆಯ ಮೂಲೆ ತೋರಿಸಿದರು. ನನ್ನ ಗಂಡ ಚಹಾ ಕುಡಿದು, ಒಂದು ಚೀಲ ಬೂದುಬಿಳಿ ಜೇಡಿ ಹೇರಿಕೊಂಡು ಬಂದರು. ಮನೆ ತಲುಪಿದ ಮೇಲೂ ಅವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. “ಹೊಡೆಯುತ್ತಾರೆ ಅಂದುಕೊಂಡಿದ್ದೆ” ಎಂದು ನಿಧಾನಕ್ಕೆ ಹೇಳಿದರು. ಚೀಲದ ಬಾಯಿ ಬಿಚ್ಚುತ್ತ, “ಬೇಗ ಸೋಸು, ಬಣ್ಣ ನೋಡೋಣ” ಎಂದರು.

ಆ ಹೆಂಗಸು ಕೇಳಿದ್ದೇ ನಮ್ಮ ದೊಡ್ಡ ಸಮಸ್ಯೆ. ಒರಗಿದವರ ಬೆನ್ನಿಗೆಲ್ಲ ಗೋಡೆ ಹತ್ತುತ್ತಿತ್ತು. ಗಂಜಿ ಬೆರೆಸಿದೆ, ಗಟ್ಟಿಯಾಯಿತು, ಆದರೆ ಥಂಡಿ ಹವೆಗೆ ಬೂಸಲು ಬಂತು. ಬರೀ ಸುಣ್ಣ ಬೆರೆಸಿದೆ. ಬಣ್ಣ ತೀರಾ ಬಿಳಿಚಿಕೊಂಡಿತು. ಫೋನಿನಲ್ಲಿ ಹುಡುಕುತ್ತ ಕೂತಾಗ, ಒಡೆದ ಹಾಲಿನ ಗಟ್ಟಿಗೆ ಸ್ವಲ್ಪ ಸುಣ್ಣ ಸೇರಿಸಿ ಅರೆದರೆ ಅಂಟಾಗುತ್ತದೆ ಎಂದು ಯಾರೋ ಹೇಳಿದ್ದು ಕಂಡಿತು.

“ಹಾಲನ್ನು ಗೋಡೆಗೆ? ಅಲ್ಲಾಹ್ ಮೆಚ್ಚುತ್ತಾನಾ?” ಎಂದರು ಅತ್ತೆ.

“ಒಡೆದ ಹಾಲು ಅಮ್ಮೀ. ಹೋಟೆಲಿನವರು ಚೆಲ್ಲೋದು.”

ಚಹಾದಂಗಡಿಯಲ್ಲಿ ಹೇಳಿಟ್ಟೆವು. ಒಡೆದ ದಿನ ಕರೆದು ಕೊಟ್ಟರು. ಕಲ್ಲಿನ ಮೇಲೆ ಅರೆಯುತ್ತಿದ್ದಂತೆ, ಉದುರುದುರಾಗಿದ್ದ ಹಾಲಿನ ಗಟ್ಟಿ, ಸುಣ್ಣ ಸೇರಿದ್ದೇ ತಡ, ಜೇನಿನ ಹಾಗೆ ಎಳೆ ಎಳೆಯಾಗಿ ಬಂತು. ಬೈಯುತ್ತ ನಿಂತಿದ್ದ ಅತ್ತೆಯೇ ಬಗ್ಗಿ “ಅರೇ, ಇದು ಹೇಗಾಯ್ತು?” ಎಂದು ಬೆರಳಿಟ್ಟು ನೋಡಿದರು. ಅದನ್ನು ಮಣ್ಣಿಗೆ ಕಲಸಿ ಬಳಿದು, ಒಣಗಿದ ಮೇಲೆ ನನ್ನ ಕಪ್ಪು ದುಪಟ್ಟಾದಿಂದ ಜೋರಾಗಿ ಉಜ್ಜಿದೆ. ಬಟ್ಟೆ ಕಪ್ಪಾಗಿಯೇ ಉಳಿಯಿತು.

ಅತ್ತೆಯ ಕೋಣೆಗೆ ಕೋಲಸಿರ್ಸಿಯ ಗುಲಾಬಿ, ಹೊರಕೋಣೆಗೆ ಗುಡ್ನಾಪುರದ ಬೂದುಬಿಳಿ ಎಂದು ನಿಶ್ಚಯಿಸಿದೆವು. ಗುಲಾಬಿ ಮಣ್ಣು ಅರ್ಧದಲ್ಲೇ ಮುಗಿದುಹೋಯಿತು. ಗಂಡ ಮತ್ತೆ ಹೋಗಿ ನೋಡಿದರೆ ದಿಬ್ಬಕ್ಕೆ ಕಲ್ಲಿನ ತಡೆಗೋಡೆ ಕಟ್ಟಿಯಾಗಿತ್ತು. ಪಕ್ಕದ ಮಣ್ಣು ತಂದರು, ಅದು ಕಿತ್ತಳೆ. ಕೊನೆಗೆ ಗುಲಾಬಿಯನ್ನು ಎದೆಯೆತ್ತರಕ್ಕೆ ನಿಲ್ಲಿಸಿ, ಮೇಲೆ ಬರೀ ಸುಣ್ಣ ಬಳಿದೆವು. ಬೇಸರದಲ್ಲೇ ಮಾಡಿದ ಕೆಲಸ. ಆದರೆ ಕಿಟಕಿ ತೆರೆದಾಗ ಬೆಳಕು ಮೇಲಿನ ಬಿಳಿಗೆ ಬಿದ್ದು ಕೆಳಗಿನ ಗುಲಾಬಿಗೆ ಇಳಿಯಿತು. ಕೋಣೆ ದೊಡ್ಡದಾದಂತೆ ಕಂಡಿತು. ನೋಡಿದ ಮೈದುನ “ಇದು ಯಾವ ಇಂಜಿನಿಯರ್ ಹೇಳಿದ ಡಿಸೈನು?” ಎಂದು ಕೇಳಿದ.

ಆಮೇಲೆ ಹೊಸ ಮನೆಗೆ ಬೇಕಾದ ಉಳಿದದ್ದೂ ನಮ್ಮಲ್ಲೇ ಸಿಗತೊಡಗಿತು. ಟೆಂಪೊದ ಹಳೆಯ ಹಲಗೆಗಳಿಂದ ಬಡಗಿ ಹೊರಕೋಣೆಗೆ ಬೆಂಚು ಮಾಡಿಕೊಟ್ಟ. ಅದರ ಹಳದಿ ಬಣ್ಣ ಕೆರೆಯಬೇಡ ಎಂದು ಹೇಳಿದೆ. ಹೊಲಿಗೆಯಲ್ಲಿ ಉಳಿದ ಚೂರುಗಳನ್ನು ಕೌದಿಯಂತೆ ಜೋಡಿಸಿ ಕಿಟಕಿಗೆ ಪರದೆ ಹೊಲಿದೆ. ಗಾಳಿ ಬಂದಾಗ, ಯಾರ ಮದುವೆಯ ಬ್ಲೌಸಿನ ಚೂರು ಯಾವುದು ಎಂದು ನನಗೆ ಈಗಲೂ ಗೊತ್ತಾಗುತ್ತದೆ.

ಬಣ್ಣ ಒಣಗಿ ಮೂರ್ನಾಲ್ಕು ದಿನಕ್ಕೆ ಅತ್ತೆಯನ್ನು ಕರೆತಂದೆವು. ಅವರು ಬಾಗಿಲಲ್ಲೇ ನಿಂತು ಮೂಗರಳಿಸಿ ಉಸಿರೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು. ಅವರು ಮಂಚದ ಮೇಲೆ ಕೂತು, ಕಾಲು ಚಾಚಿ, “ಮಂಚ ಈ ಕಡೆ ತಿರುಗಿಸಿ, ಕಿಟಕಿ ಕಾಣಬೇಕು” ಎಂದರು. ಬಾಡಿಗೆ ಮನೆಯ ಕೀಲಿಯನ್ನು ಗಂಡ ಅದೇ ಸಂಜೆ ಹಿಂದಿರುಗಿಸಿ ಬಂದರು.

ಅಡುಗೆಮನೆ ಇನ್ನೂ ಬರಿ ಸಿಮೆಂಟು. ಎಣ್ಣೆ, ಹೊಗೆಗೆ ಯಾವ ಮಣ್ಣು ತಡೆಯುತ್ತದೋ ತಿಳಿಯದೆ ಬಿಟ್ಟಿದ್ದೇವೆ. ನಿನ್ನೆ ಗಂಡ ಶಿರಸಿಯಿಂದ ಬರುವಾಗ ಹೆಚ್ಚುಕಡಿಮೆ ಕಪ್ಪಾದ ಮಣ್ಣೊಂದನ್ನು ಡಬ್ಬಿಯಲ್ಲಿ ತಂದಿದ್ದಾರೆ. ಇದು ಒಣಗಿದರೆ ನೇರಳೆಯಾಗುತ್ತದೆ ಎಂದು ಅತ್ತೆ, ಕಾಫಿಪುಡಿಯ ಬಣ್ಣವೇ ಎಂದು ಗಂಡ. ನಾನು ಈಗಷ್ಟೇ ಒಲೆಯ ಹಿಂದಿನ ಗೋಡೆಗೆ ಒಂದು ತೇಪೆ ಬಳಿದು, ಕೈ ತೊಳೆದು ಬಂದಿದ್ದೇನೆ.