ಇಸ್ತ್ರಿಪೆಟ್ಟಿಗೆಯ ಕೆಳಗೆ ಹೋದ ನೋಟು

ವಾಸು ಅವರೇ, ಆ ಬ್ರೆಜಿಲ್ ನೋಟನ್ನು ನೀವು ಕದಿಯಲಿಲ್ಲ. ನಾನು ಸುಟ್ಟೆ — ಇಸ್ತ್ರಿಪೆಟ್ಟಿಗೆಯಲ್ಲಿ, ದ್ವಾರಕಾ ಬಡಾವಣೆಯ ಇದೇ ಮನೆಯಲ್ಲಿ. ಒಂಬತ್ತು ವರ್ಷ ಬಾಯಿ ಬಿಡಲಿಲ್ಲ.

ನಿಮ್ಮ ಗೆಳೆಯರ, ಅಂದರೆ ನನ್ನ ಯಜಮಾನರ ಹುಚ್ಚು ನಿಮಗೆ ಗೊತ್ತೇ ಇದೆ. ಒಂದೇ ನೋಟು ಕಾಗದದಲ್ಲೂ ಪ್ಲಾಸ್ಟಿಕ್ಕಿನಲ್ಲೂ ಬಂದಿದ್ದರೆ ಎರಡೂ ಜೋಡಿಯಾಗಿ ಆಲ್ಬಮ್ಮಿನಲ್ಲಿ ಇರಲೇಬೇಕು. ನಿಮಗೂ ಅದೇ ಹುಚ್ಚು. ಮುದುಡಿದ ಕಾಗದದ ನೋಟುಗಳನ್ನು ಹಳೇ ಪಂಚೆಯ ತುಂಡಿನ ನಡುವೆ ಇಟ್ಟು ಇಸ್ತ್ರಿ ಮಾಡುವ ಕೆಲಸ ಮಾತ್ರ ನನ್ನದು. ಹೊಗಳಿಕೆ ಇವರದು, ಬಿಡಿ. ಆ ದಿನ ನೀವು ಆಲ್ಬಮ್ ನೋಡಿಕೊಂಡು ಲಕ್ಷ್ಮೀ ನಗರದ ನಿಮ್ಮ ಮನೆಗೆ ಹೊರಟ ಮೇಲೆ, ಬ್ರೆಜಿಲ್‌ನ ಹತ್ತರ ಪ್ಲಾಸ್ಟಿಕ್ ನೋಟಿನಲ್ಲಿ ಒಂದು ಮಡಿಕೆ ಕಣ್ಣಿಗೆ ಬಿತ್ತು. ಅದನ್ನೂ ಹಾಗೇ ಇಸ್ತ್ರಿ ಮಾಡಿದೆ. ಬಟ್ಟೆ ಸರಿಸಿದರೆ — ಸುರುಟಿಕೊಂಡು ಬೆರಳುದ್ದ ಆಗಿತ್ತು. ಕಸದ ಬುಟ್ಟಿಗೆ ಹಾಕಿದೆ.

"ವಾಸು ಬಿಟ್ಟು ಬೇರೆ ಯಾರೂ ಆಲ್ಬಮ್ ಮುಟ್ಟಿಲ್ಲ" ಅಂದರು ಇವರು. ನಾನು ಮುಟ್ಟಿದ್ದು ಲೆಕ್ಕಕ್ಕೇ ಇಲ್ಲ, ನೋಡಿ! ನಿಮ್ಮ ಹತ್ತಿರ ಆ ನೋಟೊಂದೇ ಇರಲಿಲ್ಲ. ಅನುಮಾನಕ್ಕೆ ಅಷ್ಟೇ ಸಾಕಾಯಿತು. ನೀವು ನಿಮ್ಮ ಆಲ್ಬಮ್ ಹೊತ್ತು ಮೆಟ್ರೋ ಹಿಡಿದು ಬಂದಿರಿ. ಒಂದೊಂದೇ ಹಾಳೆ ತಿರುವಿ ತೋರಿಸಿದಿರಿ. ಕೊನೆಗೆ ನನ್ನ ಕಡೆ ತಿರುಗಿ, "ಅತ್ತಿಗೆ, ನೀವಾದ್ರೂ ಹೇಳಿ" ಅಂದಿರಿ.

"ಕಾಫಿ ಆರುತ್ತೆ, ಕುಡೀರಿ" ಅಂದೆ ನಾನು. ಅಷ್ಟೇ.

ನೀವು ಕುಡಿಯದೆ ಎದ್ದು ಹೋದಿರಿ. ನಮ್ಮ ಕನ್ನಡದವರ ತಿಂಗಳ ಕೂಟದಲ್ಲಿ ಇವರು ನೀವೇ ಕದ್ದಿರಿ ಎಂದು ಹೇಳಿಕೊಂಡು ತಿರುಗಿದರು. ನಿಮ್ಮನ್ನು ಕರೆಯುವುದೂ ನಿಂತುಹೋಯಿತು.

ಗೊತ್ತಿಲ್ಲದೆ ಸುಟ್ಟಿದ್ದಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಆದರೆ ಆ ಕಾಫಿಯ ಮಾತು — ಅದು ಗೊತ್ತಿದ್ದೂ ಆಡಿದ್ದು. ಇವರಿಗೆ ಹೆದರಿ ಸುಮ್ಮನಾದೆ ಎಂದು ಬರೆಯಹೊರಟಿದ್ದೆ — ಇಲ್ಲ, ಸುಳ್ಳು. ನಿಮ್ಮಿಬ್ಬರ ಆಲ್ಬಮ್ ಸಂಭ್ರಮಕ್ಕೆ ಕಲ್ಲು ಬಿತ್ತಲ್ಲ ಎಂದು ಒಳಗೊಳಗೇ ಖುಷಿಯೂ ಆಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ನಿನ್ನೆ ಇವರಿಗೆ ಎಲ್ಲ ಹೇಳಿದೆ. "ಅಚ್ಛಾ, ಆಗಿದ್ದು ಆಗಿಹೋಯ್ತು. ಈಗ ಎಲ್ಲರಿಗೂ ಗೊತ್ತಾದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಅಂದರು. ಒಂಬತ್ತು ವರ್ಷ ವಾಸು ಅವರ ಮರ್ಯಾದೆ ಏನಾಗಿತ್ತು ಎಂದು ಕೇಳಿದೆ.

ಈ ಭಾನುವಾರ ಕೂಟ ನಮ್ಮ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲೇ ಇದೆ. ನೀವು ಬರಬೇಕಾಗಿಲ್ಲ, ನನ್ನನ್ನು ಕ್ಷಮಿಸಬೇಕಾಗಿಯೂ ಇಲ್ಲ. ನಿಮ್ಮನ್ನು ಕಳ್ಳ ಎಂದವರೆಲ್ಲ ಕೂತಿರುವಾಗಲೇ ಎದ್ದು ನಿಂತು ಹೇಳುತ್ತೇನೆ. ಇವರು ಬೇಕಾದರೆ ಎದ್ದು ಹೋಗಲಿ.