ಇಂಗಳೀಕದ ಹೊಗೆ

ಅರವತ್ತರ ದಶಕದ ಶುರುವಿನಲ್ಲಿ ನಾನು ಹೊನ್ನಾವರದ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದೆ. ಶರಾವತಿ ಅಳಿವೆಯ ಹತ್ತಿರದ ಮೀನುಗಾರರ ಕೇರಿಯಿಂದ ಒಬ್ಬ ಬಸುರಿ ಬರುತ್ತಿದ್ದಳು. ಇಪ್ಪತ್ತೆರಡು ವರ್ಷ, ಆಗಲೇ ಎರಡು ಮಕ್ಕಳು ಸತ್ತೇ ಹುಟ್ಟಿದ್ದವು. ಗಂಡ ಮುಂಬಯಿಯ ಬೋಟುಗಳಲ್ಲಿ ದುಡಿದು ಬಂದವನು. ರಕ್ತ ಪರೀಕ್ಷೆ ಮಾಡಿಸಿದಾಗ ಇಬ್ಬರಿಗೂ ಗರ್ಮಿ ರೋಗ, ಅಂದರೆ ಸಿಫಿಲಿಸ್, ಎಂದು ತಿಳಿಯಿತು. ಅವಳಿಗೆ ಹತ್ತಿದ್ದು ಅವನಿಂದ. ಡಾಕ್ಟರು ದಿನಕ್ಕೊಂದರಂತೆ ಹತ್ತು ಪೆನಿಸಿಲಿನ್ ಸೂಜಿ ಬರೆದರು.

ಎರಡು ದಿನ ಬಂದವಳು ಆಮೇಲೆ ಕಾಣಲಿಲ್ಲ. ಗಂಡನೊಬ್ಬನೇ ಬಂದು ಚುಚ್ಚಿಸಿಕೊಂಡು ಹೋಗುತ್ತಿದ್ದ. ಆರನೇ ದಿನ "ಅವಳೆಲ್ಲಿ?" ಎಂದು ಕೇಳಿದೆ. ಅವನು ನೆಲ ನೋಡಿದ. "ಆಯಿ ಮನೆಯಲ್ಲೇ ಮದ್ದು ಮಾಡ್ತಿದ್ದಾಳೆ."

ಸೂಜಿಯ ಡಬ್ಬಿ ಹಿಡಿದು ಅವನ ಜೊತೆಯೇ ಹೊರಟೆ.

ನಡುಮಧ್ಯಾಹ್ನ. ಕೇರಿಯ ಬಾಗಿಲುಗಳೆಲ್ಲ ತೆರೆದಿದ್ದವು, ಅವರದೊಂದು ಬಿಟ್ಟು. ಬಾಗಿಲ ಸಂದಿಗೆ ಹಳೆ ಸೀರೆಯ ಚೂರು ತುರುಕಿತ್ತು. ಬಾಗಿಲು ತೆಗೆದ ಅವನ ತಾಯಿಯ ಕೈ ಗಡಗಡ ನಡುಗುತ್ತಿತ್ತು. ಬಾಯಲ್ಲಿ ಒಂದೂ ಹಲ್ಲಿಲ್ಲ, ವಸಡು ಕಪ್ಪು.

ಒಳಗಿನ ಕತ್ತಲೆಗೆ ಕಣ್ಣು ಹೊಂದಿದಾಗ ನನಗೆ ಕಂಡದ್ದು ಬರೀ ಒಂದು ತಲೆ. ಕುತ್ತಿಗೆಯಿಂದ ನೆಲದವರೆಗೆ ಕಂಬಳಿ ಸುತ್ತಿದ್ದರು. ಅದರಡಿಯಿಂದ ಕೆಂಡದ ಹೊಗೆ ನುಸುಳುತ್ತಿತ್ತು. ತೆರೆದ ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಮೂಗಿನ ಬಂಗಾರದ ನತ್ತು ತವರದಂತೆ ಬಿಳಿಚಿತ್ತು.

"ಎಂತ ಇದು?"

"ಇಂಗಳೀಕದ ಹೊಗೆ, ಬಾಯೋರೆ. ಅದರಲ್ಲಿರೋ ಪಾದರಸ ಮೈಯೊಳಗೆ ಇಳೀಬೇಕು. ಜೊಲ್ಲು ಹೋದಷ್ಟೂ ವಿಷ ಹೋಗ್ತದೆ. ನಂಗೂ ಇದನ್ನೇ ಕೊಟ್ಟಿದ್ರು."

ಕಂಬಳಿ ಕಿತ್ತು ಹುಡುಗಿಯನ್ನು ಹೊರಗೆ ಅಂಗಳಕ್ಕೆ ಕರೆತಂದು ಕೂರಿಸಿದೆ. ಮುದುಕಿ ಬೇರೆ ಯಾರದೋ ಕತೆಯಂತೆ ಮೆಲ್ಲಗೆ ಹೇಳಿದಳು:

"ನನ್ನ ಗಂಡ ತಂದ ರೋಗ. ಹೊಗೆ ಹಾಕಿದ ಮೇಲೆ ಹಲ್ಲು ಒಂದೊಂದೇ ಕೈಗೆ ಬಂತು, ನೋವೇ ಇಲ್ಲ. ಇಲ್ಲೇ ಅಂಗಳದಲ್ಲಿ ಹೂತೆ. ಸತ್ತ ನಾಲ್ಕು ಮಕ್ಕಳೂ ಇಲ್ಲೇ. ಐದನೆಯವನು ಇವ, ಉಳಿದ. ಹೊಗೆಯಿಂದಲೇ ಅಲ್ಲವಾ?"

ನನ್ನ ಕಾಲು ತಾನಾಗಿ ಮೆಟ್ಟಿಲಿಗೆ ಏರಿತು. ಅಂಗಳ ನಾಲ್ಕು ಹೆಜ್ಜೆಯಷ್ಟು ಅಗಲ. ನಾನು ಅಷ್ಟೂ ಹೊತ್ತು ಅಲ್ಲೇ ನಿಂತಿದ್ದೆ.

"ಹೊಗೆಯಿಂದ ಅಲ್ಲ ಅಮ್ಮ. ವರ್ಷ ಕಳೆದಂತೆ ಹೊಟ್ಟೆಯ ಮಗುವಿಗೆ ರೋಗ ತಾಗುವುದು ಕಮ್ಮಿಯಾಗ್ತದೆ," ಎಂದಷ್ಟೇ ಅಂದೆ.

ಡಾಕ್ಟರು ಸೂಜಿ ಮೊದಲಿಂದ ಶುರು ಮಾಡಿಸಿದರು. ಹತ್ತು ದಿನವೂ ನಾನೇ ಮನೆಗೆ ಹೋದೆ. ನಾಲ್ಕನೇ ದಿನ ಮುದುಕಿ ಹತ್ತಿರ ಬಂದು ಕೇಳಿದಳು: "ನಂಗೂ ಕೊಡ್ತೀರಾ?" ಡಾಕ್ಟರನ್ನು ಕೇಳಿ ಆಕೆಗೂ ಕೊಟ್ಟೆ. ಪಾದರಸ ತಂದ ಕೈಯ ನಡುಕ ಮಾತ್ರ ಹೋಗಲಿಲ್ಲ.

ಹೆರಿಗೆ ದವಾಖಾನೆಯಲ್ಲೇ ಆಯಿತು, ಒಂದು ಬೆಳಿಗ್ಗೆ. ಹೆಣ್ಣುಮಗು, ಚೆನ್ನಾಗಿ ಅತ್ತಿತು. ನಾನು ಹೊರಗೆ ಬಂದಾಗ ಮುದುಕಿ ಜಗಲಿಯಲ್ಲಿ ನಿಂತಿದ್ದಳು.

"ಅತ್ತದ್ದು ನಮ್ಮದೇ ಹೌದಾ?"

"ನಿಮ್ಮದೇ. ಬನ್ನಿ, ನೋಡಿ."

ಆಕೆ ಒಳಗೆ ಬರಲಿಲ್ಲ. "ಇನ್ನೊಮ್ಮೆ ಅಳಲಿ, ಆಮೇಲೆ ಬತ್ತೆ," ಎಂದು ಅಲ್ಲೇ ಗೋಡೆಗೆ ಒರಗಿ ಕೂತಳು.